ಸ್ವಾಮಿನಿಷ್ಠೆ, ಸೇಡು, ಶಾಸನ: ಆಕೋ ಪ್ರಕರಣದ ಇತಿಹಾಸ ಮತ್ತು ದಂತಕಥೆ

ಸಮುರಾಯಿಗಳ ಸ್ವಾಮಿನಿಷ್ಠೆಯ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ನಲವತ್ತೇಳು ರೋನಿನ್‌ಗಳ ಕಥೆ. ಒಡೆಯನಿಲ್ಲದ ಸಮುರಾಯಿಗೆ ಜಪಾನಿನಲ್ಲಿ ರೋನಿನ್ ಎಂದು ಹೆಸರು. ಲಂಚಕೋರ ಅಧಿಕಾರಿಯೊಬ್ಬನಿಂದ ಅವಮಾನಗೊಂಡು ಪ್ರಾಣ ಕಳೆದುಕೊಂಡ ಒಡೆಯನಿಗಾಗಿ ಅವನ ಸೇವಕರು ಸುಮಾರು ಎರಡು ವರ್ಷ ಹೊಂಚು ಹಾಕಿ ಕಾದರು, ವೈರಿಯ ತಲೆಯನ್ನು ಕಡಿದು ಒಡೆಯನ ಸಮಾಧಿಗೆ ಒಪ್ಪಿಸಿದರು, ಬಳಿಕ ತಾವೂ ಪ್ರಾಣ ಬಿಟ್ಟರು. ಜನಜನಿತವಾದ ಕಥೆಯ ಸಾರ ಇಷ್ಟು.

ಘಟನೆ ನಡೆದದ್ದು ನಿಜ. 1701ರಿಂದ 1703ರವರೆಗೆ ನಡೆದ ಈ ಆಕೋ ಪ್ರಕರಣಕ್ಕೆ ದಾಖಲೆಗಳ ಬರವೂ ಇಲ್ಲ. ಕಣ್ಣಾರೆ ಕಂಡ ಅಧಿಕಾರಿಯ ಬರಹ, ರೋನಿನ್‌ಗಳು ಪರಸ್ಪರ ಬರೆದುಕೊಂಡ ಪತ್ರಗಳು, ಖರ್ಚಿನ ಲೆಕ್ಕದ ಪುಸ್ತಕ, ಸರ್ಕಾರದ ತೀರ್ಪು, ಪಂಡಿತರ ವಾದ ಪ್ರತಿವಾದ ಎಲ್ಲವೂ ಉಳಿದುಬಂದಿವೆ. ಇವನ್ನು ಒಟ್ಟಿಗೆ ಇಟ್ಟು ಓದಿದರೆ ಏಕಮನಸ್ಸಿನ ನಿಷ್ಠೆಯ ಕಥೆ ಒಡೆದು ಒಂದು ಇಕ್ಕಟ್ಟು ಕಾಣಿಸುತ್ತದೆ. ಒಡೆಯ, ಒಡೆಯನ ಮನೆತನ, ರಾಜ್ಯದ ಕಾನೂನು, ತನ್ನ ಮಾನ, ಈ ನಾಲ್ಕರಲ್ಲಿ ಸಮುರಾಯಿಯ ಮೊದಲ ಋಣ ಯಾವುದಕ್ಕೆ? ಆ ಕಾಲದವರಿಗೇ ಇದು ಬಗೆಹರಿಯದ ಪ್ರಶ್ನೆಯಾಗಿತ್ತು. ಅದಕ್ಕೆ ನಿಸ್ಸಂದಿಗ್ಧವಾದ ಉತ್ತರ ಕೊಟ್ಟದ್ದು ಮುಂದೆ ಬಂದ ರಂಗಭೂಮಿ.

ಯುದ್ಧಕಾಲದ ನಿಷ್ಠೆ, ಶಾಂತಿಕಾಲದ ನಿಷ್ಠೆ

ನಿಷ್ಠೆ ಸಮುರಾಯಿಯ ಹುಟ್ಟುಗುಣ ಎಂಬ ನಂಬಿಕೆಗೆ ಮಧ್ಯಯುಗದ ಇತಿಹಾಸ ಬೆಂಬಲ ಕೊಡುವುದಿಲ್ಲ. ಯೋಧ ಒಡೆಯನಿಗಾಗಿ ಹೋರಾಡುತ್ತಿದ್ದ, ಒಡೆಯ ಅದಕ್ಕೆ ಪ್ರತಿಯಾಗಿ ಭೂಮಿಯನ್ನೂ ರಕ್ಷಣೆಯನ್ನೂ ಕೊಡಬೇಕಿತ್ತು. ಕೊಡದ ಒಡೆಯನನ್ನು ಬಿಟ್ಟು ಕೊಡುವವನ ಕಡೆ ಹೋಗುವುದು ಅಪರೂಪವಾಗಿರಲಿಲ್ಲ. 1582ರಲ್ಲಿ ಪ್ರಬಲ ಒಡೆಯ ಓದ ನೊಬುನಾಗನ ಮೇಲೆ ಕ್ಯೋತೊ ನಗರದ ಹೊನ್ನೋಜಿ ದೇವಾಲಯದಲ್ಲಿ ಮುತ್ತಿಗೆ ಹಾಕಿ ಅವನ ಸಾವಿಗೆ ಕಾರಣನಾದವನು ಅವನದೇ ಸೇನಾನಿ ಅಕೆಚಿ ಮಿತ್ಸುಹಿದೆ. 1600ರ ಸೆಕಿಗಹಾರ ಕದನದ ಗತಿ ಬದಲಾದದ್ದು ಕೊಬಯಾಕವ ಹಿದೆಅಕಿ ನಡುಯುದ್ಧದಲ್ಲಿ ಪಕ್ಷ ಬದಲಿಸಿದ್ದರಿಂದ. ಆ ಗೆಲುವಿನ ಮೇಲೆಯೇ ತೊಕುಗಾವ ಮನೆತನದ ಎರಡೂವರೆ ಶತಮಾನಗಳ ಆಳ್ವಿಕೆ ನಿಂತಿತು.

ತೊಕುಗಾವ ಶೋಗುನರ, ಎಂದರೆ ದೇಶವಾಳುವ ಸೇನಾಧಿಪತಿಗಳ, ಕಾಲದಲ್ಲಿ ಯುದ್ಧಗಳು ನಿಂತವು. ಹೆಚ್ಚಿನ ಸಮುರಾಯಿಗಳು ಭೂಮಿಯಿಂದ ದೂರವಾಗಿ ಕೋಟೆಯೂರುಗಳಲ್ಲಿ ನೆಲೆಸಿದರು. ಅಕ್ಕಿಯ ಲೆಕ್ಕದಲ್ಲಿ ವೇತನ ಪಡೆಯುವ ಕಾರಕೂನರು, ಕಾವಲುಗಾರರು, ಲೆಕ್ಕಿಗರು ಆದರು. ಒಡೆಯನನ್ನು ಬದಲಿಸುವ ದಾರಿ ಬಹುಮಟ್ಟಿಗೆ ಮುಚ್ಚಿತು. ಒಡೆಯನ ಸಂಸ್ಥಾನ ರದ್ದಾದರೆ ಅವನ ಆಶ್ರಿತರೆಲ್ಲ ಒಂದೇ ದಿನದಲ್ಲಿ ಅನ್ನ ಕಳೆದುಕೊಳ್ಳುತ್ತಿದ್ದರು. ಕನ್ಫ್ಯೂಷಿಯಸ್ ಪಂಥದ ಶಾಸ್ತ್ರಪಾಠಗಳು ನಿಷ್ಠೆಯನ್ನು ಪರಮಧರ್ಮವೆಂದು ಬೋಧಿಸತೊಡಗಿದ್ದು ಈ ಕಾಲದಲ್ಲಿಯೇ. ಆದರೆ ಆ ನಿಷ್ಠೆ ಹದ್ದು ಮೀರುವುದು ಸರ್ಕಾರಕ್ಕೆ ಬೇಕಿರಲಿಲ್ಲ. ಒಡೆಯ ಸತ್ತಾಗ ಸೇವಕರೂ ಹೊಟ್ಟೆ ಸೀಳಿಕೊಂಡು ಸಾಯುವ ಪದ್ಧತಿಯನ್ನು ಶೋಗುನ್ ಸರ್ಕಾರ 1663ರಲ್ಲಿ ನಿಷೇಧಿಸಿತು. ಸೇವಕನು ಸತ್ತ ವ್ಯಕ್ತಿಗಲ್ಲ, ಬದುಕಿರುವ ಮನೆತನಕ್ಕೆ ಬದ್ಧನಾಗಿರಬೇಕು ಎಂಬುದು ಆ ನಿಷೇಧದ ತಾತ್ಪರ್ಯ.

ಸೇಡಿಗಿದ್ದ ಕಟ್ಟಳೆ

ಸೇಡಿನ ಕಥೆಗಳಲ್ಲಿ ಹಳೆಯದೂ ಪ್ರಸಿದ್ಧವೂ ಆದದ್ದು ಸೊಗ ಸಹೋದರರದು. ಇಬ್ಬರು ಅಣ್ಣತಮ್ಮಂದಿರು 1193ರಲ್ಲಿ ಫೂಜಿ ಪರ್ವತದ ತಪ್ಪಲಿನಲ್ಲಿ ಶೋಗುನ್ ಮಿನಮೊತೊ ಯೊರಿತೊಮೊ ನಡೆಸುತ್ತಿದ್ದ ಬೇಟೆಯ ಬಿಡಾರಕ್ಕೆ ನುಗ್ಗಿ ತಂದೆಯ ಸಾವಿಗೆ ಕಾರಣನಾದ ಕುದೊ ಸುಕೆತ್ಸುನೆಯನ್ನು ಕೊಂದರು. ಅಣ್ಣ ಕಾದಾಟದಲ್ಲಿ ಮಡಿದ, ತಮ್ಮನಿಗೆ ಮರಣದಂಡನೆಯಾಯಿತು.

ತೊಕುಗಾವರ ಕಾಲಕ್ಕೆ ಇಂಥ ಸೇಡು ಕಾನೂನಿನ ಚೌಕಟ್ಟಿಗೆ ಬಂತು. ಕೊಲೆಯಾದವನು ತಂದೆ, ಅಣ್ಣ ಮುಂತಾದ ಹಿರಿಯ ಬಂಧುವಾಗಿರಬೇಕು. ಸೇಡು ತೀರಿಸಲು ಹೊರಟವನು ತನ್ನ ಸಂಸ್ಥಾನದ ಒಪ್ಪಿಗೆ ಪಡೆಯಬೇಕು, ಶೋಗುನರ ಕಚೇರಿಯ ದಫ್ತರದಲ್ಲಿ ಹೆಸರು ಬರೆಸಬೇಕು. ಸೇಡಿಗೆ ಮರುಸೇಡು ಇಲ್ಲ. ಕೊಲೆಗಾರ ಬೇರೊಂದು ಸಂಸ್ಥಾನಕ್ಕೆ ಓಡಿಹೋದರೆ ಅವನನ್ನು ಹಿಡಿಯುವ ಸಮರ್ಥ ಪೊಲೀಸ್ ವ್ಯವಸ್ಥೆ ಇಲ್ಲದ ಕಾಲದಲ್ಲಿ ಸತ್ತವನ ಮಗನೇ ಶಿಕ್ಷೆ ಕೊಡುವ ಕೈಯಾಗುತ್ತಿದ್ದ.

ಆ ಕಾಲದ ಸೇಡುಗಳನ್ನೂ ದಂತಕಥೆ ಹಿಗ್ಗಿಸಿತು. 1634ರಲ್ಲಿ ಇಗ ಪ್ರಾಂತದ ಉಎನೊ ಊರಿನಲ್ಲಿ ವತನಬೆ ಕಜುಮ ಎಂಬವನು ತಮ್ಮನನ್ನು ಕೊಂದವನ ಮೇಲೆ ಸೇಡು ತೀರಿಸಿಕೊಂಡಾಗ ಅವನ ನೆರವಿಗೆ ನಿಂತ ಅರಾಕಿ ಮತಎಮೊನ್ ಮೂವತ್ತಾರು ಮಂದಿಯನ್ನು ಕಡಿದುರುಳಿಸಿದನೆಂದು ಕಥೆಗಾರರು ಹೇಳುತ್ತ ಬಂದರು. ದಾಖಲೆಗಳ ಪ್ರಕಾರ ಅವನ ಕೈಯಲ್ಲಿ ಸತ್ತವರು ಇಬ್ಬರು.

ಆಕೋ ಪ್ರಕರಣಕ್ಕೆ ಹೆಚ್ಚು ಹತ್ತಿರದ ಪೂರ್ವನಿದರ್ಶನ 1672ರದು. ಒಕುದಾಯಿರ ಗೆಂಪಚಿ ಎಂಬ ಹುಡುಗ ನಲವತ್ತಕ್ಕೂ ಹೆಚ್ಚು ಮಂದಿಯನ್ನು ಕಟ್ಟಿಕೊಂಡು ಶೋಗುನರ ರಾಜಧಾನಿ ಎದೊ ನಗರದ ಜೋರುರಿಜಕ ಎಂಬಲ್ಲಿ ವೈರಿಯ ಮನೆಗೆ ನುಗ್ಗಿ ತಂದೆಯ ಸಾವಿನ ಸೇಡು ತೀರಿಸಿಕೊಂಡು ಸರ್ಕಾರಕ್ಕೆ ಶರಣಾದ. ಮುಖ್ಯರಿಗೆ ಇಜು ಓಷಿಮ ದ್ವೀಪಕ್ಕೆ ಗಡಿಪಾರಾಯಿತು, ಕೆಲವು ವರ್ಷಗಳಲ್ಲಿ ಕ್ಷಮೆ ದೊರೆತು ಹೊಸ ಒಡೆಯನ ಆಶ್ರಯವೂ ಸಿಕ್ಕಿತು. ಗುಂಪು ಕಟ್ಟಿ ದಾಳಿ ಮಾಡಿದರೂ ಪ್ರಾಣ ಉಳಿಯಬಹುದೆಂಬ ಈ ನೆನಪು ಮೂವತ್ತು ವರ್ಷಗಳ ಬಳಿಕವೂ ಮಾಸಿರಲಾರದು.

ಕೋಟೆಯೊಳಗಿನ ಹಲ್ಲೆ

ಅಸಾನೊ ನಗನೊರಿ ಹರಿಮ ಪ್ರಾಂತದ, ಎಂದರೆ ಇಂದಿನ ಹ್ಯೋಗೊ ಪ್ರಾಂತದ, ಆಕೋ ಸಂಸ್ಥಾನದ ಒಡೆಯನಾದ ದೈಮ್ಯೊ. ಸಂಸ್ಥಾನದ ಹುಟ್ಟುವಳಿ ಐವತ್ತು ಸಾವಿರ ಕೊಕು ಅಕ್ಕಿಗೆ ಸಮ. ಒಂದು ಕೊಕು ಎಂದರೆ ಸುಮಾರು 180 ಲೀಟರ್, ಒಬ್ಬ ಮನುಷ್ಯನ ವರ್ಷದ ಊಟ. ಸಮುದ್ರತೀರದ ಉಪ್ಪಿನ ಗದ್ದೆಗಳಿಗೂ ಆಕೋ ಹೆಸರಾಗಿತ್ತು.

1701ರ ವಸಂತದಲ್ಲಿ ಕ್ಯೋತೊ ಅರಮನೆಯ ರಾಯಭಾರಿಗಳು ಎದೊ ಕೋಟೆಗೆ ಬಂದಾಗ ಅವರ ಆತಿಥ್ಯದ ಹೊಣೆ ಅಸಾನೊನದು. ರೀತಿ ರಿವಾಜುಗಳ ಮಾರ್ಗದರ್ಶಕ ಅರವತ್ತರ ಆಸುಪಾಸಿನ ಕಿರಾ ಯೋಶಿನಾಕ. ಏಪ್ರಿಲ್ 21ರಂದು, ಶೋಗುನ್ ತ್ಸುನಯೋಶಿ ರಾಯಭಾರಿಗಳಿಗೆ ಉತ್ತರ ಕೊಡಬೇಕಿದ್ದ ದಿನವೇ, ಪೈನ್ ಮರಗಳ ಚಿತ್ರಗಳಿದ್ದ ಮೊಗಸಾಲೆಯಲ್ಲಿ ಅಸಾನೊ ಚಿಕ್ಕ ಕತ್ತಿ ಹಿರಿದು ಕಿರಾನ ಮೇಲೆ ಬಿದ್ದ. ಕಿರಾನ ಬೆನ್ನಿಗೂ ಹಣೆಗೂ ಗಾಯವಾಯಿತು, ಪ್ರಾಣ ಹೋಗಲಿಲ್ಲ. ಅಸಾನೊನನ್ನು ತಬ್ಬಿ ಹಿಡಿದ ಕಜಿಕಾವ ಯೊಸೊಬೆಯಿ ಬರೆದಿಟ್ಟ ವಿವರವೇ ಈ ಘಟನೆಗೆ ಪ್ರಧಾನ ಸಾಕ್ಷ್ಯ. ಹಗೆಯ ಮಾತೊಂದನ್ನು ಕೂಗುತ್ತ ಅಸಾನೊ ಹಿಂದಿನಿಂದ ಹೊಡೆದನೆಂದು ಅದರಲ್ಲಿದೆ. ಹಗೆ ಯಾತರದು ಎಂಬುದಿಲ್ಲ.

ಈ ಮೌನವನ್ನು ದಂತಕಥೆ ಹಲವು ಬಗೆಯಲ್ಲಿ ತುಂಬಿತು. ಲಂಚ ಕೊಡಲಿಲ್ಲವೆಂದು ಕಿರಾ ತಪ್ಪು ರಿವಾಜು ಹೇಳಿಕೊಟ್ಟು ಅವಮಾನಿಸಿದ ಎಂಬುದು ಬಹಳ ಪ್ರಚಲಿತ ಕಾರಣ. ಆದರೆ ಅಸಾನೊ ರಿವಾಜು ಅರಿಯದ ಹಳ್ಳಿಗನಾಗಿರಲಿಲ್ಲ. ಇದೇ ಹೊಣೆಯನ್ನು ಅವನು 1683ರಲ್ಲಿ ಒಮ್ಮೆ ನಿಭಾಯಿಸಿದ್ದ. ಉಪ್ಪು ತಯಾರಿಕೆಯ ಗುಟ್ಟಿನ ಜಗಳ ಎಂಬ ಇನ್ನೊಂದು ಕಾರಣಕ್ಕೂ ಸಮಕಾಲೀನ ಆಧಾರವಿಲ್ಲ. ಅಸಾನೊನ ಸ್ವಭಾವವೇ ಮುಂಗೋಪದ್ದೆಂದು ಶಂಕಿಸುವವರು ಅವನ ಸೋದರಮಾವ ನಯಿತೊ ತದಕತ್ಸುವಿನತ್ತ ಬೆರಳು ತೋರಿಸುತ್ತಾರೆ. ಅವನು 1680ರಲ್ಲಿ ಹಿಂದಿನ ಶೋಗುನರ ಅಂತ್ಯಕ್ರಿಯೆಯ ವಿಧಿಗಳ ನಡುವೆಯೇ ಸಹ ಅಧಿಕಾರಿಯೊಬ್ಬನನ್ನು ಇರಿದು ಕೊಂದಿದ್ದ. ಇದೂ ಊಹೆಯೇ.

ಕೋಟೆಯೊಳಗೆ ಕತ್ತಿ ಹಿರಿದ ಅಪರಾಧಕ್ಕೆ ಅದೇ ದಿನ ತೀರ್ಪಾಯಿತು. ತಮುರ ಮನೆತನದ ಬಂಗಲೆಯ ತೋಟದಲ್ಲಿ ಅಸಾನೊ ಸೆಪ್ಪುಕು, ಎಂದರೆ ಹೊಟ್ಟೆ ಸೀಳಿಕೊಂಡು ಸಾಯುವ ವಿಧಿ, ಮಾಡಿಕೊಂಡ. ದೈಮ್ಯೊ ಒಬ್ಬನನ್ನು ಮನೆಯೊಳಗಲ್ಲದೆ ಅಂಗಳದಲ್ಲಿ ಸಾಯಿಸಿದ್ದು ಅವನ ಅಂತಸ್ತಿಗೆ ಕುಂದೆಂದು ಆಗಲೇ ಆಕ್ಷೇಪವೆದ್ದಿತ್ತು. ಅಸಾನೊನ ಕೊನೆಯ ಪದ್ಯವೆಂದು ಪ್ರಸಿದ್ಧವಾದದ್ದು ಸ್ಥಳದಲ್ಲಿದ್ದ ಒಕದೊ ಎಂಬ ಅಧಿಕಾರಿಯ ನೆನಪಿನ ಬರಹದಲ್ಲಷ್ಟೇ ಸಿಗುತ್ತದೆ. ಆ ಬರಹದ ವಿಶ್ವಾಸಾರ್ಹತೆಯನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ.

ಕಿರಾನಿಗೆ ಶಿಕ್ಷೆಯಾಗಲಿಲ್ಲ. ಜಗಳವಾಡಿದ ಇಬ್ಬರಿಗೂ ಸಮನಾದ ಶಿಕ್ಷೆ ಎಂಬುದು ಯುದ್ಧಕಾಲದಿಂದ ಬಂದ ಸಮುರಾಯ್ ಕಟ್ಟಳೆ. ಕಿರಾ ಕತ್ತಿ ಹಿರಿಯದಿದ್ದ ಕಾರಣ ಸರ್ಕಾರ ಇದನ್ನು ಜಗಳವೆಂದು ಎಣಿಸಲಿಲ್ಲ. ಅಸಾನೊನ ಆಶ್ರಿತರು ಎಣಿಸಿದರು. ಒಡೆಯನನ್ನು ಕಿರಾ ಕೊಂದ ಎಂಬುದಕ್ಕಿಂತ ಒಬ್ಬನನ್ನು ಶಿಕ್ಷಿಸಿ ಇನ್ನೊಬ್ಬನನ್ನು ಬಿಟ್ಟರು ಎಂಬುದೇ ಅವರ ಕುದಿತದ ಮೂಲ.

ಇಪ್ಪತ್ತೊಂದು ತಿಂಗಳು

ಸುಮಾರು ಆರುನೂರು ಕಿಲೋಮೀಟರ್ ದೂರದ ಆಕೋಗೆ ಸುದ್ದಿ ಐದು ದಿನಗಳೊಳಗೆ ಮುಟ್ಟಿತು. ಸಂಸ್ಥಾನ ರದ್ದಾಗಿತ್ತು, ಸುಮಾರು ಮುನ್ನೂರು ಸಮುರಾಯಿಗಳು ಬೀದಿಗೆ ಬಿದ್ದಿದ್ದರು. ಕೋಟೆಯನ್ನು ಬಿಟ್ಟುಕೊಡದೆ ಹೋರಾಡಬೇಕು, ಕೋಟೆಬಾಗಿಲಲ್ಲೇ ಸಾಮೂಹಿಕವಾಗಿ ಸಾಯಬೇಕು, ಎದೊಗೆ ಹೋಗಿ ಕಿರಾನನ್ನು ಕೊಲ್ಲಬೇಕು ಎಂದು ಬಗೆಬಗೆಯ ಸಲಹೆಗಳು ಬಂದವು. ಪ್ರಧಾನ ಕಾರ್ಯಭಾರಿ ಓಯಿಶಿ ಕುರನೊಸುಕೆ ಇವ್ಯಾವುದನ್ನೂ ಮಾಡಲಿಲ್ಲ. ಸಂಸ್ಥಾನದ ಕಾಗದದ ನೋಟುಗಳನ್ನು ಮುಖಬೆಲೆಯ ಹತ್ತರಲ್ಲಿ ಆರು ಪಾಲಿಗೆ ಬದಲಿಸಿಕೊಟ್ಟು, ಲೆಕ್ಕ ಚುಕ್ತಾ ಮಾಡಿ, ಮೇ ತಿಂಗಳಲ್ಲಿ ಕೋಟೆಯನ್ನು ಸರ್ಕಾರಕ್ಕೆ ಶಾಂತವಾಗಿ ಒಪ್ಪಿಸಿದ.

ಅವನ ಮೊದಲ ಗುರಿ ಸೇಡಾಗಿರಲಿಲ್ಲ, ಮನೆತನದ ಪುನರುತ್ಥಾನವಾಗಿತ್ತು. ಸತ್ತ ಒಡೆಯನ ತಮ್ಮ ಅಸಾನೊ ದೈಗಕುವಿಗೆ ಉತ್ತರಾಧಿಕಾರ ಕೊಡಿಸಲು ದೇವಾಲಯಗಳ ಮೂಲಕ ಮನವಿಗಳು ಹೋದವು. ಎದೊದಲ್ಲಿದ್ದ ಗುಂಪಿಗೆ ಈ ನಿಧಾನ ಹಿಡಿಸಲಿಲ್ಲ. ಅವರ ಮುಂದಾಳು ಹೊರಿಬೆ ಯಸುಬೆಯಿ ಮಾತಿಗಿಂತ ಕತ್ತಿಗೆ ಹೆಸರಾದವನು. ಒಡೆಯನ ವೈರಿ ಅದೇ ಊರಿನಲ್ಲಿ ಬದುಕಿರುವಾಗ ಸಮುರಾಯಿಗಳಾಗಿ ತಲೆ ಎತ್ತಿ ತಿರುಗುವುದು ಹೇಗೆ ಎಂಬುದು ಅವರ ಕೊರಗು. ಎರಡು ಬಣಗಳ ಪತ್ರಗಳನ್ನು ಹೊರಿಬೆಯೇ ಜೋಡಿಸಿಟ್ಟಿದ್ದಾನೆ. ಒಂದು ಕಡೆ ಮನೆತನದ ಉಳಿವು, ಇನ್ನೊಂದು ಕಡೆ ವೈಯಕ್ತಿಕ ಮಾನ. ಎರಡೂ ಕಡೆಯವರು ಮಾತಾಡುತ್ತಿದ್ದದ್ದು ನಿಷ್ಠೆಯ ಹೆಸರಿನಲ್ಲಿಯೇ.

1702ರ ಆಗಸ್ಟ್‌ನಲ್ಲಿ ದೈಗಕುವನ್ನು ಹಿರೊಷಿಮದ ಮೂಲಮನೆತನದ ವಶಕ್ಕೆ ಒಪ್ಪಿಸುವ ಆದೇಶ ಹೊರಟಿತು. ಪುನರುತ್ಥಾನದ ಆಸೆ ಅಲ್ಲಿಗೆ ಮುಗಿಯಿತು. ಅದೇ ತಿಂಗಳು ಕ್ಯೋತೊದ ಮರುಯಾಮದಲ್ಲಿ ಸೇರಿದ ಸಭೆ ದಾಳಿಯ ನಿರ್ಣಯ ಮಾಡಿತು. ಅಷ್ಟು ಹೊತ್ತಿಗೆ ಪ್ರತಿಜ್ಞಾಪತ್ರ ಬರೆದುಕೊಟ್ಟವರು ಸುಮಾರು ನೂರಿಪ್ಪತ್ತು ಮಂದಿ. ಓಯಿಶಿ ಆ ಪತ್ರಗಳನ್ನು ಹಿಂದಿರುಗಿಸಿ ಅವರ ಮನಸ್ಸು ಪರೀಕ್ಷಿಸಿದ, ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದೆ ಸರಿದರು. ದಾಳಿಗೆ ಕೆಲವೇ ದಿನ ಇರುವಾಗಲೂ ಒಬ್ಬ ಬಿಟ್ಟುಹೋದ. ಮುನ್ನೂರರಲ್ಲಿ ಕೊನೆಗೆ ಉಳಿದವರು ಆರರಲ್ಲೊಂದು ಪಾಲು. ಸಾವಿರ ಕೊಕುವಿಗೆ ಮೇಲ್ಪಟ್ಟ ವೇತನದವನು ಅವರಲ್ಲಿ ಓಯಿಶಿ ಒಬ್ಬನೇ. ತಂದೆಮಕ್ಕಳು, ದತ್ತುಮಕ್ಕಳು, ಅಣ್ಣತಮ್ಮಂದಿರು ಹಲವರಿದ್ದರು. ಒಡೆಯನ ಮೇಲಿನ ಭಕ್ತಿಯಷ್ಟೇ ಬಂಧುತ್ವದ ಕಟ್ಟೂ ಈ ತಂಡವನ್ನು ಹಿಡಿದಿಟ್ಟಿತ್ತು.

ಎರಡು ಕಡೆಯ ಋಣಕ್ಕೆ ಸಿಕ್ಕಿ ನಲುಗಿದವನು ಕಯನೊ ಸಂಪೆಯಿ. ಆಕೋಗೆ ಮೊದಲ ಸುದ್ದಿ ತಂದ ಇಬ್ಬರಲ್ಲಿ ಒಬ್ಬನಾದ ಇವನಿಗೆ ತಂದೆ ಬೇರೆ ಮನೆತನದಲ್ಲಿ ಚಾಕರಿ ಗೊತ್ತುಮಾಡಿದ. ತಂದೆಯ ಮಾತನ್ನೂ ಗೆಳೆಯರಿಗಿತ್ತ ವಚನವನ್ನೂ ಮೀರಲಾರದೆ ಅವನು 1702ರ ಆರಂಭದಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಓಯಿಶಿ ಕುಡಿತ, ಸೂಳೆಗೇರಿಗಳಲ್ಲಿ ಮುಳುಗಿದಂತೆ ನಟಿಸಿ ಗೂಢಚಾರರ ಕಣ್ಣಿಗೆ ಮಣ್ಣೆರಚಿದ ಎಂಬುದು ಕಥೆಯ ಜನಪ್ರಿಯ ಭಾಗ. ಕ್ಯೋತೊ ಬಳಿಯ ಯಮಶಿನದಲ್ಲಿದ್ದಾಗ ಅವನು ವಿಲಾಸಗೃಹಗಳಿಗೆ ಹೋಗುತ್ತಿದ್ದುದು ಇರಬಹುದು, ಅದು ಬರೀ ನಟನೆ ಎನ್ನುವುದಕ್ಕೆ ಆಧಾರ ಸಾಲದು. ಅವನು ಉಳಿಸಿದ ಲೆಕ್ಕದ ಪುಸ್ತಕ ಬೇರೊಬ್ಬ ಓಯಿಶಿಯನ್ನು ತೋರಿಸುತ್ತದೆ. ಸುಮಾರು 690 ರ್ಯೊ ಚಿನ್ನದ ನಿಧಿ ಒಡೆಯನ ಶ್ರಾದ್ಧಕ್ಕೆ, ಪುನರುತ್ಥಾನದ ಮನವಿಗಳಿಗೆ, ಎದೊ ಪ್ರಯಾಣಕ್ಕೆ, ಮನೆಬಾಡಿಗೆಗೆ, ಬಡ ಜೊತೆಗಾರರ ಹೊಟ್ಟೆಪಾಡಿಗೆ ಹೇಗೆ ಕರಗಿತು ಎಂಬುದು ಅದರಲ್ಲಿ ಬಾಬ್ತುವಾರು ಇದೆ. ಕೊನೆಗೆ ಬಿದ್ದ ಕೊರತೆಯನ್ನು ಅವನೇ ತುಂಬಿದ. ಹಣ ಮುಗಿಯುತ್ತ ಬಂದದ್ದೂ ದಾಳಿಗೆ ಒತ್ತಡ ತಂದ ಕಾರಣಗಳಲ್ಲೊಂದು.

ದಾಳಿ

ಕಿರಾ ಹುದ್ದೆ ಬಿಟ್ಟಿದ್ದ. ಅವನ ನಿವಾಸ ಕೋಟೆಯ ಹತ್ತಿರದಿಂದ ಸುಮಿದ ನದಿಯಾಚೆಯ ಹೊಂಜೊಗೆ ಬದಲಾಗಿತ್ತು. ಕಾವಲು ಬಿಗಿಯಾದ ನಗರಕೇಂದ್ರದಿಂದ ವೈರಿ ದೂರವಾದದ್ದು ರೋನಿನ್‌ಗಳಿಗೆ ಅನುಕೂಲವಾಯಿತು. ಗೆನ್ರೊಕು ಶಕೆಯ 15ನೆಯ ವರ್ಷದ ಹನ್ನೆರಡನೆಯ ತಿಂಗಳ ಹದಿನಾಲ್ಕರ ರಾತ್ರಿ ಕಳೆದು ಬೆಳಗಿನ ಜಾವ, ಇಂದಿನ ಪಂಚಾಂಗದಂತೆ 1703ರ ಜನವರಿ 31ರಂದು, ಓಯಿಶಿ ಮುಂಬಾಗಿಲಿನಿಂದಲೂ ಹದಿಹರೆಯದ ಮಗ ಚಿಕರ ಹಿಂಬಾಗಿಲಿನಿಂದಲೂ ತಂಡಗಳನ್ನು ನುಗ್ಗಿಸಿದರು. ಅತಿ ಹಿರಿಯ ದಾಳಿಗಾರ ಹೊರಿಬೆ ಯಹೆಯಿಗೆ ಎಪ್ಪತ್ತೈದು ದಾಟಿತ್ತು.

ಚಿತ್ರಗಳಲ್ಲಿ ಸುರಿಯುವ ಹಿಮ ಆ ರಾತ್ರಿ ಸುರಿಯುತ್ತಿರಲಿಲ್ಲ. ಮೊದಲು ಬಿದ್ದ ಹಿಮ ನೆಲದ ಮೇಲಿತ್ತು, ಆಕಾಶದಲ್ಲಿ ಚಂದ್ರನಿದ್ದ. ಯುದ್ಧಭೇರಿ ಬಾರಿಸಿದರೆಂಬುದಕ್ಕೂ ಆಧಾರವಿಲ್ಲ. ಸಂಕೇತಕ್ಕೆ ಸೀಟಿಗಳನ್ನು ಇಟ್ಟುಕೊಂಡಿದ್ದರು. ಅಂಕುಡೊಂಕು ಅಂಚಿನ ಒಂದೇ ಬಗೆಯ ಸಮವಸ್ತ್ರ ರಂಗಭೂಮಿಯ ಕೊಡುಗೆ. ಕಪ್ಪು ಮೇಲಂಗಿಯ ಹೊರತು ಉಳಿದದ್ದು ಅವರವರ ಇಷ್ಟಕ್ಕೆ ಬಿಟ್ಟದ್ದಾಗಿತ್ತು.

ಕಾದಾಟವೂ ಸಮಬಲದ್ದಲ್ಲ. ಸಜ್ಜಾಗಿ ಬಂದವರು ನಿದ್ದೆಯಲ್ಲಿದ್ದವರ ಮೇಲೆ ಬಿದ್ದರು. ಕಿರಾನ ಕಡೆ ಹದಿನೈದಕ್ಕೂ ಹೆಚ್ಚು ಮಂದಿ ಸತ್ತರು, ಇಪ್ಪತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ದಾಳಿಗಾರರಲ್ಲಿ ಒಬ್ಬನೂ ಸಾಯಲಿಲ್ಲ. ಉಗ್ರಾಣದಂಥ ಕೋಣೆಯಲ್ಲಿ ಅಡಗಿದ್ದ ಕಿರಾನನ್ನು ಹಜಮ ಜೂಜಿರೊ ಈಟಿಯಿಂದ ತಿವಿದ. ತಲೆಯನ್ನು ಹೊತ್ತು ತಂಡ ನಗರ ದಾಟಿ ತಕನವದ ಸೆಂಗಕುಜಿ ದೇವಾಲಯದಲ್ಲಿದ್ದ ಅಸಾನೊನ ಸಮಾಧಿಗೆ ನಡೆಯಿತು. ದಾರಿಯಲ್ಲೇ ಇಬ್ಬರು ಬೇರೆಯಾಗಿ ಹಿರಿಯ ತಪಾಸಣಾಧಿಕಾರಿ ಸೆಂಗೊಕುವಿನ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿದರು. ಕಾನೂನಿನಿಂದ ತಪ್ಪಿಸಿಕೊಳ್ಳುವ ಉದ್ದೇಶ ಅವರಿಗಿರಲಿಲ್ಲ.

ನಲವತ್ತೇಳನೆಯವನು ಕಾಲಾಳು ದರ್ಜೆಯ ತೆರಸಕ ಕಿಚಿಎಮೊನ್. ದಾಳಿಯ ಬಳಿಕ ಅವನು ತಂಡದಲ್ಲಿರಲಿಲ್ಲ. ಸುದ್ದಿ ಮುಟ್ಟಿಸಲು ಕಳಿಸಿದರೋ ಓಡಿಹೋದನೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಸರ್ಕಾರ ಅವನನ್ನು ಬೆನ್ನಟ್ಟಲಿಲ್ಲ. 1747ರವರೆಗೆ ಬದುಕಿದ. ಹಾಗಾಗಿ ಶಿಕ್ಷೆಗೆ ಒಳಗಾದವರು ನಲವತ್ತಾರು ಮಂದಿ.

ತೀರ್ಪು ಮತ್ತು ಪಂಡಿತರ ವಾದ

ನಲವತ್ತಾರು ಮಂದಿಯನ್ನು ನಾಲ್ಕು ದೈಮ್ಯೊ ಮನೆಗಳಲ್ಲಿ ಕಾವಲಿನಲ್ಲಿರಿಸಲಾಯಿತು: ಹೊಸೊಕಾವ ಮನೆಯಲ್ಲಿ 17, ಮತ್ಸುದಾಯಿರ ಮತ್ತು ಮೋರಿ ಮನೆಗಳಲ್ಲಿ ಹತ್ತು ಹತ್ತು, ಮಿಜುನೊ ಮನೆಯಲ್ಲಿ 9. ಸರ್ಕಾರದ ಇಕ್ಕಟ್ಟು ಸಣ್ಣದಾಗಿರಲಿಲ್ಲ. ಸ್ವಾಮಿನಿಷ್ಠೆಯನ್ನು ಬೋಧಿಸುತ್ತ ಬಂದದ್ದು ಅದೇ, ಗುಂಪು ಕಟ್ಟುವುದನ್ನು ನಿಷೇಧಿಸಿದ್ದೂ ಅದೇ. ಒಡೆಯನಿಗಾಗಿ ತೀರಿಸುವ ಸೇಡು ಅನುಮತಿ ಕೊಡಬಹುದಾದ ಬಗೆಯದೂ ಅಲ್ಲ. ರೋನಿನ್‌ಗಳು ಅನುಮತಿ ಕೇಳಿಯೂ ಇರಲಿಲ್ಲ, ಕೇಳಿದ್ದರೆ ಸಿಗುತ್ತಿರಲಿಲ್ಲ. ಕೊನೆಗೆ ತೀರ್ಪು ಎರಡನ್ನೂ ಹೊಂದಿಸಿತು. ತಂಡ ಕಟ್ಟಿ ಆಯುಧಗಳೊಂದಿಗೆ ನುಗ್ಗಿದ್ದು ಸರ್ಕಾರದ ಭಯವಿಲ್ಲದ ನಡತೆ ಎಂದು ಹೇಳಿ ಮರಣದಂಡನೆ ವಿಧಿಸಿತು. ಸಾಮಾನ್ಯ ಅಪರಾಧಿಗಳಂತೆ ತಲೆ ಕಡಿಸದೆ ಸಮುರಾಯಿಗೆ ತಕ್ಕ ಸೆಪ್ಪುಕುವಿಗೆ ಅವಕಾಶ ಕೊಟ್ಟಿತು. 1703ರ ಮಾರ್ಚ್ 20ರಂದು ಅದು ನೆರವೇರಿತು. ಅದೇ ದಿನ ಕಿರಾ ಮನೆತನಕ್ಕೂ ಶಿಕ್ಷೆಯಾಯಿತು. ದಾಳಿಯಲ್ಲಿ ಗಾಯಗೊಂಡಿದ್ದ ಕಿರಾನ ಉತ್ತರಾಧಿಕಾರಿ ಆಸ್ತಿ ಕಳೆದುಕೊಂಡು ಸುವಾ ಎಂಬಲ್ಲಿ ಬಂಧಿಯಾಗಿ 1706ರಲ್ಲಿ ತೀರಿಕೊಂಡ.

ವಾದ ಅಲ್ಲಿಗೆ ನಿಲ್ಲಲಿಲ್ಲ. ಮುರೊ ಕ್ಯೂಸೊ ಅದೇ ವರ್ಷ ಬರೆದ ಗ್ರಂಥದಲ್ಲಿ ಅವರನ್ನು ಧರ್ಮವೀರರೆಂದು ಕರೆದ. ಒಗ್ಯು ಸೊರಾಯಿ ಒಪ್ಪಲಿಲ್ಲ. ಕಿರಾನನ್ನು ಕೊಲ್ಲಲು ಹೋದವನು ಅಸಾನೊ, ಅಸಾನೊನನ್ನು ಕಿರಾ ಕೊಲ್ಲಲಿಲ್ಲ. ಹಾಗಿರುವಾಗ ಒಡೆಯನ ತಪ್ಪು ಸಂಕಲ್ಪವನ್ನು ಮುಂದುವರಿಸಿದ್ದು ಧರ್ಮ ಹೇಗಾದೀತು ಎಂಬುದು ಅವನ ತರ್ಕ. ಸತೊ ನಓಕತ ಕೂಡ ಕಿರಾ ಅವರ ವೈರಿಯೇ ಅಲ್ಲವೆಂದು ವಾದಿಸಿದ. ದಜೈ ಶುಂದೈ ಆಕ್ಷೇಪಿಸಿದ್ದು ಇನ್ನೊಂದು ಬಗೆಯಲ್ಲಿ. ಅವನ ದೃಷ್ಟಿಯಲ್ಲಿ ಆಕೋ ಸಮುರಾಯಿಗಳು ಕೋಟೆಯಲ್ಲೇ ಸರ್ಕಾರದ ವಿರುದ್ಧ ನಿಂತು ಸಾಯಬೇಕಿತ್ತು. ಸಾಗ ಸಂಸ್ಥಾನದ ಯಮಮೊತೊ ತ್ಸುನೆತೊಮೊನ ಮಾತುಗಳಿಂದ ರೂಪುಗೊಂಡ 'ಹಗಕುರೆ' ಗ್ರಂಥ ಇನ್ನೂ ಕಟುವಾಗಿದೆ. ಅಷ್ಟು ದಿನ ಕಾಯುವಾಗ ಕಿರಾ ಕಾಯಿಲೆಯಿಂದ ಸತ್ತಿದ್ದರೆ ಏನು ಗತಿ, ಸೇಡು ತೀರಿದ ಕೂಡಲೇ ಸೆಂಗಕುಜಿಯಲ್ಲೇ ಸೆಪ್ಪುಕು ಏಕೆ ಮಾಡಿಕೊಳ್ಳಲಿಲ್ಲ ಎಂದು ಅದು ಕೇಳುತ್ತದೆ. ಇಂದು ಬುಷಿದೊ ಎಂಬ ಸಮುರಾಯ್ ಧರ್ಮದ ಎರಡು ಶಿಖರಗಳೆಂದು ಎಣಿಸುವ ಆ ಗ್ರಂಥಕ್ಕೂ ಈ ಪ್ರಕರಣಕ್ಕೂ ತಮ್ಮೊಳಗೇ ಹೊಂದಾಣಿಕೆಯಿಲ್ಲ.

ರಂಗದಿಂದ ರಾಷ್ಟ್ರಕಥೆಗೆ

ಸಮಕಾಲೀನ ಸಮುರಾಯ್ ವಿದ್ಯಮಾನಗಳನ್ನು ರಂಗಕ್ಕೆ ತರುವುದು ನಿಷಿದ್ಧವಾಗಿತ್ತು. ನಾಟಕಕಾರರು ಕಥೆಯನ್ನು ಹದಿನಾಲ್ಕನೆಯ ಶತಮಾನಕ್ಕೆ ಸಾಗಿಸಿದರು. 1748ರಲ್ಲಿ ಒಸಾಕದ ತಕೆಮೊತೊ ಗೊಂಬೆಯಾಟದ ಮಂದಿರದಲ್ಲಿ ಪ್ರದರ್ಶನ ಕಂಡ 'ಕನದೆಹೊನ್ ಚೂಷಿಂಗುರ' ಹನ್ನೊಂದು ಅಂಕಗಳದು. ಎರಡನೆಯ ತಕೆದ ಇಜುಮೊ, ಮಿಯೊಶಿ ಶೋರಕು, ನಮಿಕಿ ಸೆನ್ರ್ಯು ಎಂಬ ಮೂವರು ಅದರ ಕರ್ತೃಗಳು. ಅದರಲ್ಲಿ ಅಸಾನೊ ಎನ್ಯ ಹಂಗನ್ ಆದ, ಕಿರಾ ಕೊ ಮೊರೊನಓ ಆದ, ಓಯಿಶಿ ಓಬೊಶಿ ಯುರನೊಸುಕೆ ಆದ. ದಾಖಲೆಗಳಲ್ಲಿಲ್ಲದ ಹಗೆಯ ಕಾರಣವೂ ಅಲ್ಲಿ ಸಿಕ್ಕಿತು: ಮೊರೊನಓ ಎನ್ಯನ ಹೆಂಡತಿಯನ್ನು ಬಯಸುತ್ತಾನೆ. ಇದು ಆಕೋದ ಸಂಗತಿಯಲ್ಲ, 'ತೈಹೆಇಕಿ' ಎಂಬ ಹಳೆಯ ಯುದ್ಧಕಥನದಿಂದ ಬಂದದ್ದು. ಕಯನೊ ಸಂಪೆಯಿಯ ಸಾವು ಹಯನೊ ಕಂಪೆಯಿಯ ದುರಂತವಾಯಿತು. ವ್ಯಾಪಾರಿಯೊಬ್ಬನೂ ರೋನಿನ್‌ಗಳ ಗುಟ್ಟು ಕಾಯುವ ನಿಷ್ಠಾವಂತನಾಗಿ ಬರುತ್ತಾನೆ. ಒಸಾಕದ ಪ್ರೇಕ್ಷಕರು ಬಹುಪಾಲು ವರ್ತಕರು ಎಂಬುದನ್ನು ನೆನೆದರೆ ಆ ಪಾತ್ರದ ಅಗತ್ಯ ತಿಳಿಯುತ್ತದೆ. ಕಾಬುಕಿ, ಕಥನಗಾಯನ, ಮರದಚ್ಚಿನ ಚಿತ್ರಗಳ ಮೂಲಕ ನಾಟಕದ ಕಥೆಯೇ ಇತಿಹಾಸವೆಂಬಂತೆ ನೆಲೆಯೂರಿತು.

ಮುಂದೆ ರಾಜಕೀಯವೂ ಅದನ್ನು ಬಳಸಿಕೊಂಡಿತು. ಶೋಗುನರ ಆಳ್ವಿಕೆ ಕೊನೆಗೊಂಡ 1868ರಲ್ಲಿ ಮೆಯ್ಜಿ ಚಕ್ರವರ್ತಿ ಸೆಂಗಕುಜಿಗೆ ದೂತನನ್ನು ಕಳಿಸಿ ಓಯಿಶಿಯನ್ನು ಗೌರವಿಸಿದ. ಶೋಗುನರು ಅಪರಾಧಿಗಳೆಂದು ಕೊಂದವರು ಹೊಸ ರಾಜ್ಯಕ್ಕೆ ಆದರ್ಶರಾದರು. ಬ್ರಿಟಿಷ್ ರಾಜತಾಂತ್ರಿಕ ಮಿಟ್‌ಫರ್ಡ್ 1871ರ ತನ್ನ ಪುಸ್ತಕದಲ್ಲಿ ಕಥೆಯನ್ನು ಪಾಶ್ಚಾತ್ಯ ಓದುಗರಿಗೆ ಮುಟ್ಟಿಸಿದ. 1941ರಿಂದ 42ರಲ್ಲಿ ಮಿಜೊಗುಚಿ ಕೆಂಜಿ ಇದನ್ನು ಎರಡು ಭಾಗಗಳ ಚಲನಚಿತ್ರವಾಗಿಸಿದ. ಎರಡನೆಯ ಮಹಾಯುದ್ಧದ ಸೋಲಿನ ಬಳಿಕ ಅಮೆರಿಕದ ಆಡಳಿತ ಸೇಡಿನ ನಾಟಕಗಳನ್ನು ತಡೆಯಿತು, 1947ರಲ್ಲಿ ಚೂಷಿಂಗುರ ಮತ್ತೆ ರಂಗಕ್ಕೆ ಬಂತು. ಕಿರಾನ ಸ್ವಂತ ಊರಾದ ಇಂದಿನ ಐಚಿ ಪ್ರಾಂತದ ಕಿರಾದಲ್ಲಿ ಮಾತ್ರ ಅವನು ನೆರೆ ತಡೆಯಲು ಕಟ್ಟೆ ಕಟ್ಟಿಸಿದ ಒಳ್ಳೆಯ ಒಡೆಯ. ಇದೂ ಊರಿನ ನಂಬಿಕೆಯಿಂದ ಬೆಳೆದ ಇನ್ನೊಂದು ದಂತಕಥೆ.

ಸೇಡಿನ ಕಾನೂನುಬದ್ಧ ಅಧ್ಯಾಯ 1873ರ ಫೆಬ್ರವರಿಯಲ್ಲಿ ಮುಗಿಯಿತು. ಸೇಡಿನ ಕೊಲೆಯನ್ನು ಮೆಯ್ಜಿ ಸರ್ಕಾರ ಸಾಮಾನ್ಯ ಕೊಲೆಯೆಂದು ಘೋಷಿಸಿತು. 1880ರಲ್ಲಿ ತಂದೆತಾಯಿಯರ ಸಾವಿಗೆ ಸೇಡು ತೀರಿಸಿಕೊಂಡ ಉಸುಯಿ ರೊಕುರೊಗೆ ಜನರ ಮೆಚ್ಚುಗೆ ಸಿಕ್ಕಿತು, ನ್ಯಾಯಾಲಯ ಕೊಟ್ಟದ್ದು ಜೀವಾವಧಿ ಸೆರೆ.

ಆಕೋ ಪ್ರಕರಣದಲ್ಲಿ ದಾಖಲೆಗಳು ಸ್ಥಿರಪಡಿಸುವುದು ಇಷ್ಟು. ಹಲ್ಲೆಯ ಕಾರಣ ಗೊತ್ತಿಲ್ಲ. ಆಶ್ರಿತರಲ್ಲಿ ಬಹುಮಂದಿ ಸೇಡಿಗೆ ಬರಲಿಲ್ಲ. ಬಂದವರು ಮೊದಲು ಬೇರೆ ದಾರಿ ಹುಡುಕಿದರು, ದಾರಿ ಮುಚ್ಚಿದ ಮೇಲೆ ಮಾನ, ಬಂಧುತ್ವ, ಒಡೆಯನ ಋಣ ಮೂರೂ ಸೇರಿ ಕತ್ತಿ ಹಿಡಿಸಿದವು. ಅವರ ಧೈರ್ಯದ ಬಗ್ಗೆ ವಿರೋಧಿಗಳಿಗೂ ಸಂದೇಹವಿರಲಿಲ್ಲ, ವಿವಾದವಿದ್ದದ್ದು ಅದು ಧರ್ಮವೋ ಅಲ್ಲವೋ ಎಂಬುದರ ಬಗ್ಗೆ. ದಂತಕಥೆ ಅಳಿಸಿಹಾಕಿದ್ದು ಆ ವಿವಾದವನ್ನು. ಪ್ರಕರಣ ಹದಿನೆಂಟನೆಯ ಶತಮಾನದ ಜಪಾನನ್ನು ಅಷ್ಟು ಕಾಡಿದ್ದು ಆ ವಿವಾದದಿಂದಾಗಿಯೇ.